ಕಿವಿಯೊಳಗಿನ ಕಿಡಿ

ಮನೆಯಲ್ಲಿ ರೇಡಿಯೊ ಹಾಡುತ್ತಿದ್ದಾಗ ಬೀದಿಯಲ್ಲಿ ಮೋಟಾರ್ ಸೈಕಲ್ಲೊಂದು ಹಾದುಹೋದರೆ ಹಾಡಿನ ಮೇಲೆ ‘ಪಟಪಟ’ ಸದ್ದು ಉದುರುತ್ತಿದ್ದುದು ಹಿಂದಿನ ತಲೆಮಾರಿನವರಿಗೆ ನೆನಪಿರಬಹುದು. ಗಾಡಿ ತಿರುವು ದಾಟಿದೊಡನೆ ಹಾಡು ತಿಳಿಯಾಗುತ್ತಿತ್ತು. ಹೆಲ್ಮೆಟ್ಟಿನೊಳಗೆ ಪುಟ್ಟ ಸ್ಪೀಕರು ಸಿಕ್ಕಿಸಿಕೊಂಡು ಸಾಗುವ ಇಂದಿನ ಸವಾರನಿಗೆ ಆ ಬಿಡುಗಡೆಯಿಲ್ಲ. ಸದ್ದು ಹುಟ್ಟಿಸುವ ಗಾಡಿಯ ಮೇಲೇ ಆತ ಕುಳಿತಿದ್ದಾನೆ. ಮಾತು ಕೇಳಲೆಂದು ಧ್ವನಿ ಏರಿಸಿದರೆ, ಹಿಂದಿನಿಂದ ಬರುವ ಲಾರಿಯ ಹಾರನ್ನು ಅದರಲ್ಲಿ ಮುಳುಗಿಹೋಗುತ್ತದೆ.

ಈ ಗದ್ದಲಕ್ಕೂ ರೇಡಿಯೊಗೂ ಇರುವುದು ದಾಯಾದಿ ಸಂಬಂಧ. 1880ರ ದಶಕದ ಕೊನೆಯಲ್ಲಿ ಜರ್ಮನಿಯ ಹೈನ್ರಿಚ್ ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳನ್ನು ಎಬ್ಬಿಸಿದ್ದು ಕಿಡಿ ಹಾರಿಸಿ. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಿದ್ದೂ ಕಿಡಿಯಿಂದಲೇ. ಮರುವರ್ಷವೇ ಬಾಷ್ ಕಂಪನಿಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಹಾಗೂ ಸ್ಪಾರ್ಕ್ ಪ್ಲಗ್ಗಿನ ಜೋಡಿಯನ್ನು ಸಿದ್ಧಗೊಳಿಸಿದ. ಪೆಟ್ರೋಲ್ ಹೊತ್ತಿಸುವ ಕಿಡಿಗೆ ಸಾವಿರಾರು ವೋಲ್ಟ್ ಬೇಕು. ನಾಲ್ಕು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ ನೂರು ಕಿಡಿ. ಪ್ಲಗ್ಗಿನ ತಂತಿಯೇ ಆಂಟೆನಾ. 1927ರ ವಾಷಿಂಗ್ಟನ್ ಸಮ್ಮೇಳನ ಕಿಡಿಯ ಪ್ರೇಷಕಗಳಿಗೆ ಹಂತಹಂತವಾಗಿ ವಿದಾಯ ಹೇಳಲು ತೀರ್ಮಾನಿಸಿತು. ರಸ್ತೆಯ ಮೇಲಿನ ಲಕ್ಷಾಂತರ ಪುಟ್ಟ ಪ್ರೇಷಕಗಳನ್ನು ಮಾತ್ರ ನಿಲ್ಲಿಸುವಂತಿರಲಿಲ್ಲ.

ಅವುಗಳೊಡನೆ ಮೊದಲು ಸೆಣಸಿದವರಲ್ಲಿ ಷಿಕಾಗೋದ ಗಾಲ್ವಿನ್ ಸೋದರರು ಮುಖ್ಯರು. 1930ರಲ್ಲಿ ಪಾಲ್ ಗಾಲ್ವಿನ್ ತನ್ನ ಸ್ಟೂಡೆಬೇಕರ್ ಕಾರಿನಲ್ಲಿ ರೇಡಿಯೊ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೊ ತಯಾರಕರ ಸಮ್ಮೇಳನಕ್ಕೆ ಹೋದ. ‘ಮೋಟೊರೋಲಾ’ ಎಂಬ ಹೆಸರು ಹುಟ್ಟಿದ್ದು ಈ ಕಾರ್ ರೇಡಿಯೊದಿಂದ. ಆ ಕಾಲದಲ್ಲಿ ರೇಡಿಯೊ ಕೂರಿಸುವುದೆಂದರೆ ಅರ್ಧ ಕೆಲಸ ಗದ್ದಲ ಅಡಗಿಸುವುದೇ. ಪ್ಲಗ್ಗುಗಳಿಗೆ ರೋಧಕ, ಡೈನಮೊಗೆ ಕೆಪ್ಯಾಸಿಟರು. ರೋಧಕವಿದ್ದರೆ ಕಿಡಿ ನಿಲ್ಲುವುದಿಲ್ಲ, ಅದರ ವಿದ್ಯುತ್ತಿನ ಹಠಾತ್ ನೆಗೆತ ಮಾತ್ರ ಮೆತ್ತಗಾಗುತ್ತದೆ.

ಇನ್ನೊಂದು ದಾರಿಯನ್ನು ತೋರಿಸಿದವನು ಎಡ್ವಿನ್ ಆರ್ಮ್‌ಸ್ಟ್ರಾಂಗ್. ಕಿಡಿಯ ಸದ್ದು ಅಲೆಯ ಎತ್ತರವನ್ನು ಕೆಡಿಸುತ್ತದೆ. ಸಂದೇಶವನ್ನು ಎತ್ತರದ ಬದಲು ಆವರ್ತಾಂಕದಲ್ಲಿ ಅಡಗಿಸಿದರೆ ಎತ್ತರದ ಏರುಪೇರನ್ನು ಕತ್ತರಿಸಿ ಎಸೆಯಬಹುದು. ಇದೇ ಎಫ್‌ಎಂ. 1940ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಪೊಲೀಸರು ತಮ್ಮ ವಾಹನಗಳಿಗೆ ಎಫ್‌ಎಂ ಅಳವಡಿಸಿಕೊಂಡರು. ಓಡುವ ಗಾಡಿಯಲ್ಲಿ ಠಾಣೆಯ ಕರೆ ಕೇಳಿಸದೆ ಹೋದರೆ ಆಗುವ ಅನಾಹುತವನ್ನು ಬಲ್ಲವರು ಅವರು. ಮಹಾಯುದ್ಧದಲ್ಲಿ ಅಮೆರಿಕದ ಟ್ಯಾಂಕುಗಳಿಗೂ ಇದೇ ಬಂತು.

ಕಾನೂನು ಬಂದದ್ದು ಮಾತ್ರ ಸವಾರನ ಸಲುವಾಗಿ ಅಲ್ಲ, ನೆರೆಮನೆಯವನ ಸಲುವಾಗಿ. ಬ್ರಿಟನ್ನಿನ ಹಳೆಯ 405 ಗೆರೆಗಳ ಟೆಲಿವಿಷನ್ನಿನಲ್ಲಿ, ಬಾಗಿಲ ಮುಂದೆ ಗಾಡಿ ಹಾದರೆ ಪರದೆಯ ಮೇಲೆ ಬಿಳಿ ಚುಕ್ಕೆಗಳ ಮಳೆ! 1952ರಲ್ಲಿ ಅಲ್ಲಿನ ಸರ್ಕಾರ ಹೊಸ ವಾಹನಗಳ ಕಿಡಿಯ ಅಡ್ಡಿಗೆ ಮಿತಿ ವಿಧಿಸಿತು.

ಕಿಡಿ ಹತೋಟಿಗೆ ಬಂತು. ಕಾಟ ವೇಷ ಬದಲಿಸಿತು. ಡೈನಮೊ ಜಾಗಕ್ಕೆ ಆಲ್ಟರ್ನೇಟರ್ ಬಂತು. ಅದರ ಅತ್ತಿತ್ತ ಹರಿಯುವ ವಿದ್ಯುತ್ತನ್ನು ಒಮ್ಮುಖವಾಗಿಸಿದರೂ ಸಣ್ಣ ತೆರೆಗಳು ಉಳಿಯುತ್ತವೆ. ಅವು ಕಿವಿಯಲ್ಲಿ ‘ಕುಂಯ್’ ಎನ್ನುತ್ತವೆ. ದೂರಪ್ರಯಾಣದ ಬೈಕುಗಳಲ್ಲಿ ರೇಡಿಯೊ, ಕ್ಯಾಸೆಟ್ಟು, ಬಳಿಕ ಮೊಬೈಲು ಸೇರಿಕೊಂಡಂತೆ ಮತ್ತೊಂದು ತೊಡಕು ಎದುರಾಯಿತು. ಮೊಬೈಲಿಗೂ ಹೆಡ್‌ಸೆಟ್ಟಿಗೂ ಬೈಕಿನ ಬ್ಯಾಟರಿಯಿಂದಲೇ ವಿದ್ಯುತ್ತು, ಅವೆರಡರ ನಡುವೆ ಹಾಡಿನ ತಂತಿ. ಹೀಗಾಗಿ ಅರ್ತ್ ಎರಡು ಕಡೆ ಕೂಡಿಕೊಂಡು ಸುತ್ತೊಂದು ಏರ್ಪಡುತ್ತದೆ. ಏರು ಕಾಲುವೆಗೂ ತಗ್ಗು ಕಾಲುವೆಗೂ ಒಂದೇ ಗದ್ದೆಯ ಬದು ಒಡೆದರೆ ನೀರು ಗದ್ದೆಯನ್ನೇ ಹಾದು ಹರಿಯುವುದಿಲ್ಲವೇ? ಎರಡು ಅರ್ತ್‌ಗಳ ನಡುವಿನ ಕೆಲವೇ ಮಿಲಿವೋಲ್ಟ್ ವ್ಯತ್ಯಾಸ ಹಾಡಿನ ತಂತಿಯೊಳಗೆ ನುಗ್ಗಲು ಅಷ್ಟು ಸಾಕು.

ಹೆಡ್‌ಸೆಟ್ಟನ್ನೇ ದೂರಿ ಹೊಸದನ್ನು ಕೊಳ್ಳುವವರೇ ಹೆಚ್ಚು. ದುಡ್ಡು ಹೋಗುತ್ತದೆ, ಸದ್ದು ಉಳಿಯುತ್ತದೆ. ಮೆಕ್ಯಾನಿಕ್ಕನ ದಾರಿ ಬೇರೆ. ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡದೆ ಕೇಳುವುದು. ಆಗ ಮೌನವಿದ್ದು, ಚಾಲೂ ಮಾಡಿದ ಮೇಲೆ ವೇಗದೊಡನೆ ಸ್ವರ ಏರಿದರೆ ಮೂಲ ಎಂಜಿನ್ನಿನ ಕಡೆಗಿದೆ. ಅನಂತರ ಚಾರ್ಜಿಂಗ್ ತಂತಿ ಕಿತ್ತು ಹೆಡ್‌ಸೆಟ್ಟನ್ನು ಅದರದೇ ಬ್ಯಾಟರಿಯ ಮೇಲೆ ಓಡಿಸುವುದು. ಸದ್ದು ಅಡಗಿದರೆ ಅದು ತಂತಿಯ ಮೂಲಕ ಬರುತ್ತಿತ್ತು. ಹಾಡಿನ ತಂತಿಗೆ ಪುಟ್ಟ ಪ್ರತ್ಯೇಕಕ ಟ್ರಾನ್ಸ್‌ಫಾರ್ಮರ್ ಸೇರಿಸಿದರೆ ಆ ಸುತ್ತು ಕಡಿಯುತ್ತದೆ. ಬ್ಲೂಟೂತ್ ಬಂದ ಮೇಲೆ ಹಾಡಿನ ತಂತಿಯೇ ಇಲ್ಲವಾಗಿ ಈ ಕಾಟ ಬಹುಮಟ್ಟಿಗೆ ತಪ್ಪಿದೆ. ತಂತಿ ಕಿತ್ತ ಮೇಲೂ ಪಟಪಟ ಉಳಿದರೆ ಅದು ಗಾಳಿಯಲ್ಲಿ ಬರುತ್ತಿದೆ. ಆಗ ನೋಡಬೇಕಾದ್ದು ಪ್ಲಗ್ಗಿನ ಟೊಪ್ಪಿ, ಅದರ ತಂತಿ, ಮತ್ತು ಪ್ಲಗ್ಗಿನ ಮೇಲಿನ ಗುರುತು. ಎನ್‌ಜಿಕೆ ಕಂಪನಿಯ ‘ಬಿ8ಇಎಸ್’ ಪ್ಲಗ್ಗಿನಲ್ಲಿ ರೋಧಕವಿಲ್ಲ, ‘ಬಿಆರ್8ಇಎಸ್’ ಪ್ಲಗ್ಗಿನಲ್ಲಿದೆ. ನಡುವಿನ ಆ ‘ಆರ್’, ಗಾಲ್ವಿನ್‌ನ ಕಾಲದಲ್ಲಿ ಪ್ಲಗ್ಗಿನ ಹೊರಗೆ ಸಿಕ್ಕಿಸುತ್ತಿದ್ದ ರೋಧಕವೇ.