ಬಿರುಕಿಗೆ ಸುಣ್ಣ, ಸುಣ್ಣಕ್ಕೆ ಬ್ಯಾಕ್ಟೀರಿಯಾ

ಬೆಂಗಳೂರಿನಲ್ಲಿ ಮನೆ ಕಟ್ಟುವವರನ್ನು ಇಂದಿಗೂ ಗಾರೆ ಕೆಲಸದವರು ಎನ್ನುತ್ತಾರೆ. ಅವರ ಬಾಂಡ್ಲಿಯಲ್ಲಿ ಈಗ ಇರುವುದು ಮಾತ್ರ ಸಿಮೆಂಟು. ಸುಣ್ಣ, ಮರಳು ಅರೆದು ಮಾಡುತ್ತಿದ್ದ ಹಳೆಯ ಗಾರೆಗೆ ಒಂದು ಗುಣವಿತ್ತು. ಸಣ್ಣ ಬಿರುಕಿಗೆ ಮಳೆನೀರು ಇಳಿದರೆ ಒಳಗೆ ಉಳಿದಿದ್ದ ಸುಣ್ಣ ಕರಗಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಕಲ್ಲಾಗಿ ಸಂದನ್ನು ತುಂಬುತ್ತಿತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದದ್ದೂ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿಯಿಂದಲೇ. ಸಿಮೆಂಟಿಗೆ ಬಲ ಹೆಚ್ಚು, ಗಟ್ಟಿಯಾಗುವುದೂ ಬೇಗ. ಆದರೆ ಕೂದಲೆಳೆಗಿಂತ ಅಗಲವಾದ ಬಿರುಕನ್ನು ಅದು ತಾನಾಗಿ ಮುಚ್ಚಿಕೊಳ್ಳಲಾರದು. ನೀರು ಕಂಬಿಯನ್ನು ಮುಟ್ಟುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ.

ಕಳೆದುಹೋದ ಆ ಗುಣವನ್ನು ಬ್ಯಾಕ್ಟೀರಿಯಾದಿಂದ ಮರಳಿ ಪಡೆಯುವ ಪ್ರಯೋಗ 1990ರ ದಶಕದಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ನಡೆಯಿತು. ಅನಂತರ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹೆಂಕ್ ಯೋಂಕರ್ಸ್, ಬೀಜಾಣುಗಳನ್ನೂ ಅವುಗಳ ಆಹಾರವಾದ ಕ್ಯಾಲ್ಸಿಯಂ ಲ್ಯಾಕ್ಟೇಟನ್ನೂ ಕಾಂಕ್ರೀಟಿನಲ್ಲೇ ಹುದುಗಿಸಿದರು. ಬಿರುಕಿನಲ್ಲಿ ನೀರು ಬಂದಾಗ ಅವು ಎಚ್ಚರಗೊಂಡು ಅದನ್ನು ಮುಚ್ಚುತ್ತವೆ.

ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಹಿಡಿದ ದಾರಿ ಬೇರೆ. ಅಲ್ಲಿನ ಅಲೋಕ್ ಕುಮಾರ್, ಕೌಶಿಕ್ ವಿಶ್ವನಾಥನ್ ಮತ್ತು ಇಸ್ರೋ ವಿಜ್ಞಾನಿಗಳು ಹೆಬ್ಬಾಳದ ಮೇಲ್ಸೇತುವೆಯಂಥದ್ದನ್ನು ಬಿಟ್ಟು ನೇರ ಚಂದ್ರನಲ್ಲಿ ಕಟ್ಟುವುದರ ಕಡೆ ನೋಡಿದರು. 2020ರಲ್ಲಿ ಅವರು ಪ್ರಕಟಿಸಿದ ವಿಧಾನದ ಮುಖ್ಯ ಪಾತ್ರಧಾರಿ ಸ್ಪೋರೋಸಾರ್ಸಿನಾ ಪಾಶ್ಚುರಿ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಅದರ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆದಾಗ ಅಮೋನಿಯಾ ಮತ್ತು ಕಾರ್ಬೊನೇಟ್ ಹುಟ್ಟುತ್ತವೆ. ಕಾರ್ಬೊನೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕಣಗಳ ನಡುವೆ ಸುಣ್ಣದಕಲ್ಲಾಗಿ ಕೂರುತ್ತದೆ. ಹೊಲಕ್ಕೆ ಎರಚಿದ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುವುದೂ ಇದೇ ಬಗೆಯ ಕಿಣ್ವದಿಂದ. ರೈತನಿಗೆ ಅದು ನಷ್ಟ, ಇಲ್ಲಿ ಅದೇ ಬಂಡವಾಳ. ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಈ ಬ್ಯಾಕ್ಟೀರಿಯಾ, ಯೂರಿಯಾ, ಕ್ಯಾಲ್ಸಿಯಂ ಜೊತೆಗೆ ಗೋರಿಕಾಯಿ ಬೀಜದ ಅಂಟನ್ನೂ ಬೆರೆಸಿ ಕೆಲವು ದಿನ ಬಿಟ್ಟರೆ ಇಟ್ಟಿಗೆಯಂಥ ಗಟ್ಟಿ ಸಿಗುತ್ತದೆ. ಯೂರಿಯಾಕ್ಕೆ ಗಗನಯಾತ್ರಿಗಳ ಮೂತ್ರವೇ ಸಾಕೆಂಬುದು ಲೆಕ್ಕಾಚಾರ.

2022ರಲ್ಲಿ ಮಂಗಳದ ಮಣ್ಣನ್ನು ಹೋಲುವ ಪುಡಿಯ ಸರದಿ. ಅದರ ಕಬ್ಬಿಣ ಬ್ಯಾಕ್ಟೀರಿಯಾಕ್ಕೆ ವಿಷ. ನಿಕ್ಕಲ್ ಕ್ಲೋರೈಡ್ ಸೇರಿಸಿದ ಮೇಲಷ್ಟೇ ಅದು ಬೆಳೆಯಿತು.

ಬಿರುಕಿನ ಮಾತು ಮತ್ತೆ ಬಂದದ್ದು 2025ರಲ್ಲಿ. ಚಂದ್ರನ ಮಣ್ಣನ್ನು ಹೋಲುವ ಅದೇ ಪುಡಿಯನ್ನು ಕುಲುಮೆಯ ಶಾಖದಲ್ಲಿ ಬೇಯಿಸಿ ಮಾಡಿದ ಇಟ್ಟಿಗೆ ಬ್ಯಾಕ್ಟೀರಿಯಾದ ಇಟ್ಟಿಗೆಗಿಂತ ಹೆಚ್ಚು ಗಟ್ಟಿ, ಆದರೆ ಪೆಡಸು. ಹಗಲು ನೂರು ಡಿಗ್ರಿ ದಾಟಿ ಇರುಳು ಸೊನ್ನೆಗಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗಿಳಿಯುವ ಚಂದ್ರನಲ್ಲಿ ಅದು ಸೀಳುವ ಅಪಾಯವಿದೆ. ಸಂಶೋಧಕರು ಅಂಥ ಇಟ್ಟಿಗೆಗಳಲ್ಲಿ ಬೇಕೆಂದೇ ತೂತು, ಸೀಳು ಮಾಡಿ, ಬ್ಯಾಕ್ಟೀರಿಯಾ, ಗೋರಿಕಾಯಿ ಅಂಟು, ಮಣ್ಣಿನ ರಾಡಿಯನ್ನು ಸುರಿದರು. ರಾಡಿ ಸಂದಿಗೆ ಇಳಿದು, ಇಟ್ಟಿಗೆಗೆ ಕಚ್ಚಿಕೊಂಡು ಗಟ್ಟಿಯಾಯಿತು.