ಒಂದು ನಗರದ ಎರಡು ಹೈಸ್ಕೂಲುಗಳು

ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕೆಂಬ ವಿಚಾರ ಬಂದಾಗ ಗೃಹಸ್ಥರು ಊರಿನ ಶಾಲೆಗಳನ್ನು ಒಂದಕ್ಕೊಂದು ಹೋಲಿಸಿ ನೋಡುವುದು ಸರ್ವಸಾಧಾರಣವಾದ ರೂಢಿ. ಒಂದರ ಕಟ್ಟಡ ಭವ್ಯವಾದುದು, ಮತ್ತೊಂದರ ಆಟದ ಬಯಲು ವಿಶಾಲವಾದುದು, ಇನ್ನೊಂದರಲ್ಲಿ ತೇರ್ಗಡೆಯಾದವರ ಸಂಖ್ಯೆ ಹೆಚ್ಚು. ಹೀಗೆ ತೂಕ ನಡೆಯುತ್ತದೆ. ಹೋಲಿಕೆಯಲ್ಲಿ ದೋಷವೇನೂ ಇಲ್ಲ. ಆದರೆ ಎರಡು ವಸ್ತುಗಳನ್ನು ಹೋಲಿಸುವವನು ಯಾವ ಧರ್ಮವನ್ನು ಹಿಡಿದು ಹೋಲಿಸುತ್ತಿರುವೆನೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಆ ನಿಶ್ಚಯವು ತಪ್ಪಿದಲ್ಲಿ ಅಳತೆಗಳೆಲ್ಲ ಸರಿಯಾಗಿದ್ದರೂ ನಿರ್ಣಯವು ತಪ್ಪಾಗುವುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಲಿಟಲ್ ರಾಕ್ ನಗರದ ಹೈಸ್ಕೂಲುಗಳ ಚರಿತ್ರೆಯು ಇದಕ್ಕೆ ಉತ್ತಮವಾದ ನಿದರ್ಶನ.

ಲಿಟಲ್ ರಾಕ್ ಅರ್ಕಾನ್ಸಾಸ್ ಸಂಸ್ಥಾನದ ರಾಜಧಾನಿ. ಆ ದೇಶದಲ್ಲಿ ಶಾಲೆಗಳ ಆಡಳಿತಕ್ಕಾಗಿ ‘ಸ್ಕೂಲ್ ಡಿಸ್ಟ್ರಿಕ್ಟ್’ ಎಂಬ ವಿಭಾಗಗಳುಂಟು. ಪೌರರು ಚುನಾಯಿಸಿದ ಮಂಡಲಿಯೊಂದು ತೆರಿಗೆಯ ಹಣದಿಂದ ತನ್ನ ವಿಭಾಗದ ಶಾಲೆಗಳನ್ನೆಲ್ಲ ನಡೆಯಿಸುತ್ತದೆ. ಆದಕಾರಣ ಒಂದೇ ವಿಭಾಗದ ಎರಡು ಶಾಲೆಗಳೆಂದರೆ ಒಂದೇ ಬೊಕ್ಕಸದಿಂದ ಪೋಷಿತವಾದವು, ಒಂದೇ ತಾಯಿಯ ಎರಡು ಮಕ್ಕಳಿದ್ದಂತೆ. ಆದರೆ ದಕ್ಷಿಣದ ಸಂಸ್ಥಾನಗಳಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಜನಾಂಗದವರ ಮಕ್ಕಳಿಗೆ ಮತ್ತೊಂದು ಎಂಬ ನಿಯಮವಿದ್ದಿತು. ರೈಲುಗಾಡಿಗಳಲ್ಲಿ ಪ್ರತ್ಯೇಕ ಆಸನಗಳ ವಿಷಯವಾಗಿ ೧೮೯೬ರಲ್ಲಿ ಹೊರಟ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದು ಈ ನಿಯಮಕ್ಕೆ ಆಧಾರ. ಬೇರೆ ಬೇರೆಯಾಗಿದ್ದರೂ ಸಮಾನವಾಗಿದ್ದರೆ ಅನ್ಯಾಯವಿಲ್ಲವೆಂಬುದು ಅದರ ತಾತ್ಪರ್ಯವೆಂದು ಎಲ್ಲರೂ ಗ್ರಹಿಸಿದರು.

೧೯೨೭ರಲ್ಲಿ ಬಿಳಿಯರ ಮಕ್ಕಳಿಗಾಗಿ ‘ಲಿಟಲ್ ರಾಕ್ ಸೀನಿಯರ್ ಹೈಸ್ಕೂಲು’ ತೆರೆಯಲ್ಪಟ್ಟಿತು. ಹದಿನೈದು ಲಕ್ಷ ಡಾಲರುಗಳ ವೆಚ್ಚ. ನೂರು ತರಗತಿಯ ಕೋಣೆಗಳು. ಮೂರು ಸಾವಿರ ವಿದ್ಯಾರ್ಥಿಗಳಿಗೆ ಅವಕಾಶ. ಅಮೆರಿಕಾದ ವಾಸ್ತುಶಿಲ್ಪಿಗಳ ಸಂಸ್ಥೆಯು ಇದನ್ನು ದೇಶದ ಅತ್ಯಂತ ಸುಂದರವಾದ ಹೈಸ್ಕೂಲೆಂದು ಕೊಂಡಾಡಿತು. ಮಹಾದ್ವಾರದ ಮೇಲೆ ನಾಲ್ಕು ಪ್ರತಿಮೆಗಳನ್ನು ನಿಲ್ಲಿಸಿದರು. ಮಹತ್ತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ ಎಂಬವು ಅವುಗಳ ಹೆಸರುಗಳು. ೧೯೫೩ರಲ್ಲಿ ಈ ಶಾಲೆಗೆ ‘ಸೆಂಟ್ರಲ್ ಹೈಸ್ಕೂಲು’ ಎಂಬ ಹೆಸರಾಯಿತು.

ಎರಡು ವರ್ಷಗಳ ತರುವಾಯ, ೧೯೨೯ರಲ್ಲಿ, ಕಪ್ಪು ಜನಾಂಗದ ಮಕ್ಕಳಿಗಾಗಿ ಮತ್ತೊಂದು ಶಾಲೆ ಎದ್ದಿತು. ಇದಕ್ಕೆ ತಗಲಿದ ವೆಚ್ಚ ನಾಲ್ಕು ಲಕ್ಷ ಡಾಲರು. ಅದರಲ್ಲಿಯೂ ೬೭,೫೦೦ ಡಾಲರುಗಳು ಷಿಕಾಗೋ ನಗರದ ವರ್ತಕ ಜೂಲಿಯಸ್ ರೋಸೆನ್‌ವಾಲ್ಡನ ಧರ್ಮನಿಧಿಯಿಂದ ಬಂದುವು. ತರಗತಿಯ ಕೋಣೆಗಳು ಮೂವತ್ತನಾಲ್ಕು. ಇದನ್ನು ಕೈಕಸಬುಗಳ ಶಾಲೆಯನ್ನಾಗಿ ಮಾಡಬೇಕೆಂಬುದು ಮೊದಲಿನ ಉದ್ದೇಶವಾಗಿದ್ದಿತು. ಕಪ್ಪು ಜನಾಂಗದ ಪೌರರು ಇದಕ್ಕೆ ಒಪ್ಪಲಿಲ್ಲ. ಕಸಬನ್ನು ಅವರು ಹೀನವೆಂದೆಣಿಸಿದವರಲ್ಲ. ಆದರೆ ಸಾಹಿತ್ಯ, ಗಣಿತ, ವಿಜ್ಞಾನಗಳು ತಮ್ಮ ಮಕ್ಕಳಿಗೆ ಬೇಡವೆಂದು ಇತರರು ನಿಶ್ಚಯಿಸುವುದನ್ನು ಸಹಿಸಲಿಲ್ಲ. ಕಡೆಗೆ ಅದು ಪೂರ್ಣ ವ್ಯಾಸಂಗಕ್ರಮವುಳ್ಳ ಹೈಸ್ಕೂಲಾಗಿ, ದಾಸ್ಯದಿಂದ ಬಿಡುಗಡೆ ಹೊಂದಿದವರ ಮಗನಾದ ಕವಿ ಪಾಲ್ ಲಾರೆನ್ಸ್ ಡನ್‌ಬಾರನ ಹೆಸರನ್ನು ಧರಿಸಿತು.

ಈಗ ಈ ಎರಡನ್ನೂ ತಕ್ಕಡಿಯಲ್ಲಿ ಇಡೋಣವಾಗಲಿ. ಕಪ್ಪು ಮಕ್ಕಳ ಸಂಖ್ಯೆ ಕಡಿಮೆಯಾದುದರಿಂದ ಕಟ್ಟಡವೂ ಚಿಕ್ಕದಾಯಿತೆಂದು ಮಂಡಲಿಯ ಪಕ್ಷದವರು ಹೇಳಬಹುದು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಡನ್‌ಬಾರ್ ಶಾಲೆಗೆ ಬರುತ್ತಿದ್ದ ಪಠ್ಯಪುಸ್ತಕಗಳು ಬಿಳಿಯರ ಶಾಲೆಯಲ್ಲಿ ಬಳಸಿ ಬಿಟ್ಟವು. ಮಕ್ಕಳು ಕಡಿಮೆಯಾದರೆ ಪುಸ್ತಕಗಳೂ ಕಡಿಮೆಯಾಗಬೇಕೇ ಹೊರತು ಹಳೆಯವಾಗಬೇಕಾದ ಕಾರಣವಿಲ್ಲ. ಅಂತೆಯೇ ಉಪಾಧ್ಯಾಯರ ಸಂಬಳದ ವಿಷಯ. ಒಂದೇ ಮಂಡಲಿಯ ಸೇವೆಯಲ್ಲಿದ್ದರೂ ಕಪ್ಪು ಜನಾಂಗದ ಉಪಾಧ್ಯಾಯರಿಗೆ ಕಡಿಮೆ ಸಂಬಳ ಸಲ್ಲುತ್ತಿದ್ದಿತು. ೧೯೪೨ರಲ್ಲಿ ಡನ್‌ಬಾರ್ ಶಾಲೆಯ ಇಂಗ್ಲಿಷ್ ಉಪಾಧ್ಯಾಯಿನಿ ಸೂ ಕೋವನ್ ಮಾರಿಸ್ ಎಂಬಾಕೆ ಮಂಡಲಿಯ ಮೇಲೆ ದಾವೆ ಹೂಡಿದಳು. ಮರುವರ್ಷವೇ ಆಕೆಯ ಉದ್ಯೋಗ ಹೋಯಿತು. ೧೯೪೫ರಲ್ಲಿ ಮೇಲಿನ ನ್ಯಾಯಾಲಯವು ಆಕೆಯ ಪರವಾಗಿ ತೀರ್ಪಿತ್ತಿತು. ಸ್ವಂತ ಅನ್ನವನ್ನು ಪಣವಾಗಿಟ್ಟು ಸಹೋದ್ಯೋಗಿಗಳೆಲ್ಲರಿಗೂ ನ್ಯಾಯ ದೊರಕಿಸಿದವಳ ಹೆಸರನ್ನು ಶಾಲೆಗಳ ಚರಿತ್ರೆ ಬರೆಯುವವರು ಮರೆಯಬಾರದು.

ಹಳೆಯ ಪುಸ್ತಕಗಳನ್ನಿಟ್ಟುಕೊಂಡು, ಕಡಿಮೆ ಸಂಬಳ ಪಡೆದ ಈ ಉಪಾಧ್ಯಾಯರೇ ಡನ್‌ಬಾರ್ ಶಾಲೆಗೆ ದೂರದವರೆಗೂ ಹೆಸರನ್ನು ತಂದರು. ಹೀಗಿರಲು, ಪುಸ್ತಕ, ಸಂಬಳ, ಕೋಣೆಗಳನ್ನು ಸರಿಗೂಡಿಸಿಬಿಟ್ಟರೆ ಸಮಾನತೆ ಸಿದ್ಧಿಸುವುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ೧೯೫೪ನೆಯ ಮೇ ೧೭ರಂದು ಸರ್ವೋಚ್ಚ ನ್ಯಾಯಾಲಯದಿಂದ ಬಂದಿತು. ಕ್ಯಾನ್ಸಸ್ ಸಂಸ್ಥಾನದ ಟೊಪೀಕಾ ಮೊದಲಾದ ಊರುಗಳ ಶಾಲೆಗಳ ಮೊಕದ್ದಮೆಯಲ್ಲಿ ನ್ಯಾಯಾಧೀಶರು, ಕಟ್ಟಡ, ಪಾಠಕ್ರಮ, ಉಪಾಧ್ಯಾಯರ ಯೋಗ್ಯತೆ ಮತ್ತು ವೇತನಗಳು ಸಮಾನವಾಗಿವೆ ಅಥವಾ ಸಮಾನವಾಗುತ್ತಲಿವೆ ಎಂಬುದನ್ನು ಗಣನೆಗೆ ತಂದುಕೊಂಡರು. ತಂದುಕೊಂಡೂ, ಕೇವಲ ಇವುಗಳ ಹೋಲಿಕೆಯಿಂದ ಪ್ರಶ್ನೆ ತೀರದೆಂದರು. ಜನಾಂಗವೊಂದನ್ನೇ ಕಾರಣಮಾಡಿ ಬೇರಿಡುವುದರಿಂದ ಮಗುವಿನ ಮನಸ್ಸಿನಲ್ಲಿ ತಾನು ಕೀಳೆಂಬ ಭಾವ ಬೇರೂರುವುದು. ಆದುದರಿಂದ ಬೇರಿಟ್ಟ ಶಾಲೆಯು ಸ್ವಭಾವತಃ ಅಸಮಾನವಾದುದೇ ಎಂಬುದು ಅವರ ಸಿದ್ಧಾಂತ. ತಕ್ಕಡಿಯಲ್ಲಿಟ್ಟ ವಸ್ತುಗಳನ್ನು ಬಿಟ್ಟು ತಕ್ಕಡಿಯನ್ನೇ ಪರೀಕ್ಷಿಸಿದ ತೀರ್ಪು ಇದು.

ಲಿಟಲ್ ರಾಕ್ ಮಂಡಲಿಯು ಇದನ್ನು ಒಪ್ಪಿತು. ಆದರೆ ಒಪ್ಪಿದ ರೀತಿ ವಿಚಿತ್ರವಾಗಿದ್ದಿತು. ೧೯೫೬ರಲ್ಲಿ ಕಪ್ಪು ಜನಾಂಗದವರ ಕಡೆ ಹೊರೇಸ್ ಮ್ಯಾನ್ ಹೈಸ್ಕೂಲನ್ನೂ, ೧೯೫೭ರಲ್ಲಿ ಪಶ್ಚಿಮದ ಅನುಕೂಲಸ್ಥ ಬಿಳಿಯರ ಕಡೆ ಹಾಲ್ ಹೈಸ್ಕೂಲನ್ನೂ ತೆರೆದರು. ಎರಡು ಜನಾಂಗಗಳು ಕೂಡಬೇಕಾದುದು ನಡುವಣ ಸೆಂಟ್ರಲ್ ಹೈಸ್ಕೂಲಿನಲ್ಲಿ ಮಾತ್ರ. ಅಲ್ಲಿ ಶ್ರಮಜೀವಿಗಳ ಮಕ್ಕಳು ಬಹಳ. ಧನವಂತರು ಭಾರದಿಂದ ನುಣುಚಿಕೊಂಡು ಅದನ್ನು ತಮ್ಮ ಮೇಲೆ ಹೊರಿಸಿದರೆಂದು ಅವರ ಮನಸ್ಸು ಕಹಿಯಾಯಿತು. ಹೊಸ ವ್ಯವಸ್ಥೆ ಪಕ್ಷಪಾತದಿಂದಲೇ ಆರಂಭವಾಯಿತು.

೧೯೫೭ನೆಯ ಸೆಪ್ಟೆಂಬರ್ ೪ರಂದು ಕಪ್ಪು ಜನಾಂಗದ ಒಂಬತ್ತು ಮಂದಿ ವಿದ್ಯಾರ್ಥಿಗಳು ಸೆಂಟ್ರಲ್ ಶಾಲೆಗೆ ಬಂದಾಗ, ಗವರ್ನರ್ ಆರ್ವಲ್ ಫಾಬಸ್ ನೇಮಿಸಿದ್ದ ಸಂಸ್ಥಾನದ ಸೈನಿಕರು ಅವರನ್ನು ತಡೆದರು. ಕಡೆಗೆ ಅಧ್ಯಕ್ಷ ಐಸೆನ್‌ಹೋವರ್ ರಾಷ್ಟ್ರದ ಸೇನೆಯನ್ನು ಕಳುಹಿಸಬೇಕಾಯಿತು. ಸೆಪ್ಟೆಂಬರ್ ೨೫ರಂದು ಆ ಮಕ್ಕಳು ಸೈನಿಕರ ನಡುವೆ ಮಹಾದ್ವಾರದ ಮೆಟ್ಟಲುಗಳನ್ನೇರಿದರು. ಒಳಗೆ ಅವರು ವರ್ಷವಿಡೀ ಸಹಿಸಿದ ಬೈಗಳು, ನೂಕುನುಗ್ಗಲುಗಳು ಅಲ್ಪವಲ್ಲ. ಆದರೂ ೧೯೫೮ನೆಯ ಮೇ ತಿಂಗಳಲ್ಲಿ ಅವರಲ್ಲಿ ಒಬ್ಬನಾದ ಅರ್ನೆಸ್ಟ್ ಗ್ರೀನ್ ತೇರ್ಗಡೆ ಹೊಂದಿ ಪ್ರಮಾಣಪತ್ರವನ್ನು ಸ್ವೀಕರಿಸಿದನು. ಆತನು ಅದಕ್ಕೆ ಮೊದಲು ಓದಿದುದು ಹೊರೇಸ್ ಮ್ಯಾನ್ ಶಾಲೆಯಲ್ಲಿ. ಅಲ್ಲಿನ ಉಪಾಧ್ಯಾಯರ ಪಾಠಕ್ಕೆ ಇದಕ್ಕಿಂತಲೂ ಬೇರೆ ಪ್ರಮಾಣ ಬೇಕಿಲ್ಲ.

ಮರುವರ್ಷ ನಡೆದುದು ಇನ್ನೂ ಶೋಚನೀಯ. ಕೂಡಿ ಓದುವುದಕ್ಕಿಂತ ಓದದಿರುವುದೇ ಲೇಸೆಂಬಂತೆ ಗವರ್ನರನು ನಗರದ ನಾಲ್ಕು ಹೈಸ್ಕೂಲುಗಳನ್ನೂ ಮುಚ್ಚಿಸಿದನು. ಮತದಾನದಲ್ಲಿ ಪೌರರೂ ಅದನ್ನು ಅನುಮೋದಿಸಿದರು. ಒಪ್ಪಂದಕ್ಕೆ ಬದ್ಧರಾದ ಉಪಾಧ್ಯಾಯರು ದಿನವೂ ಬಂದು ಬರಿಯ ಕೋಣೆಗಳಲ್ಲಿ ಕುಳಿತಿದ್ದು ಮನೆಗೆ ಹಿಂದಿರುಗುತ್ತಿದ್ದರು. ಪಾಠಗಳು ನಿಂತರೂ ಫುಟ್‌ಬಾಲ್ ಪಂದ್ಯಗಳು ನಿಲ್ಲಲಿಲ್ಲ. ಮೂರೂವರೆ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಶಾಲೆ ಇಲ್ಲವಾಯಿತು. ಬಿಳಿಯರ ಮಕ್ಕಳಲ್ಲಿ ಬಹುಪಾಲು ಬೇರೆಡೆ ವ್ಯಾಸಂಗಕ್ಕೆ ದಾರಿ ಕಂಡುಕೊಂಡರು; ಕಪ್ಪು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ವರ್ಷ ಪಾಠವೇ ದೊರೆಯಲಿಲ್ಲ. ಮುಚ್ಚಿದ ಬಾಗಿಲುಗಳು ಕೂಡ ಸಮಾನವಾಗಿರಲಿಲ್ಲ. ೧೯೫೯ನೆಯ ಮೇ ತಿಂಗಳಲ್ಲಿ ಮಂಡಲಿಯ ಮೂವರು ಸದಸ್ಯರು ನಲವತ್ತನಾಲ್ಕು ಮಂದಿ ಉಪಾಧ್ಯಾಯರನ್ನೂ ಅಧಿಕಾರಿಗಳನ್ನೂ ತೆಗೆಯಹೊರಟಾಗ ಪೌರರ ಕಣ್ಣು ತೆರೆಯಿತು. ಅವರು ಮತಕೊಟ್ಟು ಆ ಮೂವರನ್ನೇ ತೆಗೆದುಹಾಕಿದರು. ಆಗಸ್ಟ್ ತಿಂಗಳಲ್ಲಿ ಶಾಲೆಗಳು ಪುನಃ ತೆರೆದುವು.

ಸೆಂಟ್ರಲ್ ಹೈಸ್ಕೂಲು ೧೯೯೮ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಘೋಷಿತವಾಯಿತು. ಆಮೇಲೂ ಅದರೊಳಗೆ ಪಾಠಗಳು ನಿಲ್ಲಲಿಲ್ಲ. ೧೯೨೭ರಿಂದ ಮೂವತ್ತು ವರ್ಷಗಳ ಕಾಲ ‘ಅವಕಾಶ’ವೆಂಬ ಪ್ರತಿಮೆಯು ಆ ಬಾಗಿಲಿನ ಮೇಲೆ ನಿಂತಿದ್ದಿತು, ಊರಿನ ಕೆಲವು ಮಕ್ಕಳಿಗೆ ಆ ಬಾಗಿಲಿನೊಳಗೆ ಪ್ರವೇಶವಿರಲಿಲ್ಲ. ಶಾಲೆಗಳನ್ನು ಹೋಲಿಸುವವರು ಕೋಣೆಗಳನ್ನೂ ಪುಸ್ತಕಗಳನ್ನೂ ಅವಶ್ಯವಾಗಿ ಎಣಿಸಲಿ. ಆದರೆ ಬಾಗಿಲಿನ ಹೊರಗೆ ನಿಂತವರು ಯಾರೆಂಬುದನ್ನು ಮೊದಲು ನೋಡಲಿ.