ಮೈಸೂರಿನ ಜಾವಾ, ಗಿಣಿಗೇರಾದ ಕಬ್ಬಿಣ: ವಾಹನೋದ್ಯಮದ ನೆನಪನ್ನು ಕುರಿತು

ಹಳೆಯ ಯೂರೋಪಿಯನ್ ವಾಹನಗಳ ಮೇಲಣ ಅಕ್ಕರೆಯು ನಮ್ಮ ನಾಡಿನಲ್ಲಿಯೂ ಆಳವಾಗಿ ಬೇರೂರಿದೆ. ಫಿಯಟ್, ಅಂಬಾಸಿಡರ್, ಹೆರಾಲ್ಡ್ ಕಾರುಗಳನ್ನು ಉಜ್ಜಿ ಹೊಳಪಿಟ್ಟು ಕಾಪಾಡುವವರು ಊರೂರಿನಲ್ಲಿ ಇದ್ದಾರೆ. ಇದನ್ನು ಹವ್ಯಾಸವೆಂದು ಬದಿಗೊತ್ತುವುದು ಸುಲಭ. ಆದರೆ ಒಂದು ಜನಸಮುದಾಯವು ಯಾವುದನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ, ಯಾವುದನ್ನು ಮರೆಯುತ್ತದೆ ಎಂಬುದು ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದ ಪ್ರಶ್ನೆ. ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ನಿದರ್ಶನವೆಂದರೆ ಮೈಸೂರಿನ ಜಾವಾ ಮೋಟಾರ್‌ಸೈಕಲ್ಲು. ಅದರ ಏಳುಬೀಳುಗಳನ್ನು ನಿರೂಪಿಸಿ, ಕೊನೆಯಲ್ಲಿ ಅದಕ್ಕೆ ಸಂಬಂಧವಿಲ್ಲವೆಂದು ತೋರುವ ಗಿಣಿಗೇರಾವನ್ನು ಪಕ್ಕದಲ್ಲಿಟ್ಟು ನೋಡುವುದು ನಮ್ಮ ಉದ್ದೇಶ.

ಮೊದಲಿಗೆ ಕಾರಿನ ಮಾತು. ಮೋಟಾರು ತಯಾರಿಕೆಯ ಕನಸು ಕನ್ನಡ ನಾಡಿನಲ್ಲಿ ಬಹು ಹಿಂದೆಯೇ ಮೊಳೆತಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದರಲ್ಲಿ ಆಸಕ್ತಿ ವಹಿಸಿದರು. ಆದರೆ ಬೆಂಗಳೂರಿಗೆ ದೊರೆತದ್ದು ಬೇರೆ ಉದ್ಯಮ. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಯೋಗದಿಂದ ವಾಲ್‌ಚಂದರು ಅಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಅವರ ಮೋಟಾರು ಸಂಸ್ಥೆಯಾದ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯ ಪಾಲಾಯಿತು. ಇಟಲಿಯ ಫಿಯಟ್ ಕಾರು ಭಾರತದ ಬೀದಿಗಿಳಿದದ್ದು ಅಲ್ಲಿಂದಲೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಯಿತು. ಹೆರಾಲ್ಡ್ ಮದರಾಸಿನಲ್ಲಿ ತಯಾರಾಯಿತು. ಕನ್ನಡಿಗರು ಈ ಕಾರುಗಳನ್ನು ಕೊಂಡರು, ಓಡಿಸಿದರು, ಪ್ರೀತಿಸಿದರು, ತಯಾರಿಸಲಿಲ್ಲ.

ಈ ಕೊರತೆಯನ್ನು ಒಂದಂಶದಲ್ಲಿ ತುಂಬಿದ್ದು ಮೈಸೂರು. ಫ್ರಾಂಟಿಸೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿಯು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್‌ಸೈಕಲ್ಲಿನ ತಯಾರಿಕೆಯ ಹಕ್ಕನ್ನು ಪಡೆದು, ತನ್ನ ಹೆಸರಿನ ಮತ್ತು ಆ ಸಂಸ್ಥೆಯ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ‘ಜಾವಾ’ ಎಂಬ ಹೆಸರನ್ನು ಕಟ್ಟಿದನು. ಮೂರು ದಶಕಗಳ ತರುವಾಯ, ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು ಸ್ಥಾಪಿಸಿದ ಐಡಿಯಲ್ ಜಾವಾ ಸಂಸ್ಥೆಯು ಆ ವಾಹನವನ್ನು ಮೈಸೂರಿನ ಯಾದವಗಿರಿಯಲ್ಲಿ ತಯಾರಿಸತೊಡಗಿತು. 1961ರಲ್ಲಿ ಈ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು. 1970ರ ದಶಕದಲ್ಲಿ ಚೆಕ್ ಹೆಸರನ್ನು ಕೈಬಿಟ್ಟು, ಇರಾನಿನ ಯಾಜ್ದ್ ಪಟ್ಟಣವನ್ನು ನೆನಪಿಸುವ ‘ಯೆಜ್ಡಿ’ ಎಂಬ ಹೆಸರನ್ನು ಇಡಲಾಯಿತು. ಜರ್ಮನಿ, ಪ್ರಾಗ್, ಯಾಜ್ದ್, ಮೈಸೂರು ಈ ನಾಲ್ಕು ನೆಲಗಳ ನೆನಪು ಒಂದೇ ವಾಹನದಲ್ಲಿ ಕೂಡಿಕೊಂಡದ್ದು ಅಪೂರ್ವವಾದ ಸಂಗತಿ.

ವಾಹನದ ರಚನೆಯೂ ನೆನಪಿನಲ್ಲಿ ನಿಲ್ಲುವಂಥದು. 250 ಸಿ.ಸಿ. ಗಾತ್ರದ, ಒಂದೇ ಸಿಲಿಂಡರಿನ ಎರಡು ಸ್ಟ್ರೋಕಿನ ಎಂಜಿನು; ಒಂದೇ ಸಿಲಿಂಡರಾದರೂ ಇಕ್ಕೆಲಗಳಲ್ಲಿ ಒಂದೊಂದು ಸೈಲೆನ್ಸರು; ಕಿಕ್ ಹೊಡೆಯುವ ಸನ್ನೆಯೇ ಗಿಯರು ಬದಲಿಸುವ ಸನ್ನೆಯೂ ಆಗುತ್ತಿತ್ತು. ಕವಾಟಗಳ ಜಂಜಾಟವಿಲ್ಲದ ಈ ಎಂಜಿನನ್ನು ಸಣ್ಣ ಊರಿನ ಮೇಸ್ತ್ರಿಯೂ ಬಿಚ್ಚಿ ಜೋಡಿಸಬಲ್ಲವನಾಗಿದ್ದನು. ಇಂದಿಗೂ ಪ್ರತಿ ವರ್ಷದ ಜುಲೈ ತಿಂಗಳಲ್ಲಿ ಬೆಂಗಳೂರಿನ ಅಭಿಮಾನಿಗಳು ಜಾವಾ ದಿನವನ್ನು ಆಚರಿಸುತ್ತಾರೆ.

ಆದರೆ ಪ್ರೀತಿಯೊಂದೇ ಕಾರ್ಖಾನೆಯನ್ನು ಉಳಿಸಲಾರದು. 1980ರ ದಶಕದ ಮಧ್ಯದಲ್ಲಿ ಜಪಾನೀ ಸಹಯೋಗದ 100 ಸಿ.ಸಿ. ವಾಹನಗಳು ಮಾರುಕಟ್ಟೆಗೆ ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ನಾಲ್ಕು ಸ್ಟ್ರೋಕಿನದು. ಅಲ್ಪ ಪೆಟ್ರೋಲಿನಲ್ಲಿ ಬಹುದೂರ ಓಡುವಂಥದು. ಎರಡು ಸ್ಟ್ರೋಕಿನ ಎಂಜಿನಿನಲ್ಲಾದರೋ ಎಣ್ಣೆಯು ಪೆಟ್ರೋಲಿನೊಡನೆ ಉರಿದು ಹೊಗೆಯಾಗುತ್ತದೆ. ಒಂದಿಷ್ಟು ಪೆಟ್ರೋಲು ಉರಿಯದೆಯೇ ಹೊರಬೀಳುತ್ತದೆ. 1990ರ ದಶಕದಲ್ಲಿ ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆಯು ಮುಚ್ಚಿತು.

ಇಪ್ಪತ್ತೆರಡು ವರ್ಷಗಳ ಬಳಿಕ, 2018ರ ನವೆಂಬರಿನಲ್ಲಿ, ಮಹೀಂದ್ರ ಸಮೂಹಕ್ಕೆ ಸೇರಿದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯು ಭಾರತದಲ್ಲಿ ಜಾವಾ ಹೆಸರನ್ನು ಮರಳಿ ತಂದಿತು. ಪತ್ರಿಕೆಗಳು ಇದನ್ನು ಪುನರುಜ್ಜೀವನವೆಂದು ಕರೆದವು. ಆದರೆ ಮರಳಿ ಬಂದದ್ದು ಏನು? ಟ್ಯಾಂಕಿನ ಆಕಾರ, ಬಣ್ಣ, ಎರಡು ಸೈಲೆನ್ಸರು, ಹೆಸರು. ಒಳಗಿನದು ನೀರಿನಿಂದ ತಣಿಯುವ, 293 ಸಿ.ಸಿ.ಯ, ನಾಲ್ಕು ಸ್ಟ್ರೋಕಿನ ಹೊಸ ಎಂಜಿನು. ಕಾರ್ಖಾನೆ ಇರುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. 2022ರ ಜನವರಿಯಲ್ಲಿ ಯೆಜ್ಡಿಯೂ ಮರಳಿತು. ಆ ಹೆಸರಿನ ಒಡೆತನವನ್ನು ಕುರಿತ ವ್ಯಾಜ್ಯವು ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಬಂದು, ಅದೇ ವರ್ಷದ ಡಿಸೆಂಬರಿನಲ್ಲಿ ಏಕಸದಸ್ಯ ಪೀಠವು ಹೆಸರು ಮುಚ್ಚಿಹೋದ ಮೈಸೂರಿನ ಸಂಸ್ಥೆಗೇ ಸೇರಿದ್ದೆಂದು ತೀರ್ಪಿತ್ತಿತು. ಅದರ ಮೇಲೆ ಮೇಲ್ಮನವಿಯೂ ಹೋಯಿತು. ಕಾರ್ಖಾನೆಯು ನಿಂತುಹೋದ ಮೇಲೂ ಹೆಸರು ಆಸ್ತಿಯಾಗಿ ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. 2014ರಲ್ಲಿ ಅಂಬಾಸಿಡರಿನ ತಯಾರಿಕೆ ನಿಂತು, 2017ರಲ್ಲಿ ಅದರ ಹೆಸರು 80 ಕೋಟಿ ರೂಪಾಯಿಗಳಿಗೆ ಫ್ರಾನ್ಸಿನ ಪ್ಯೂಜೋ ಸಂಸ್ಥೆಗೆ ಮಾರಾಟವಾದದ್ದೂ ಇದೇ ಬಗೆಯ ಸಂಗತಿ.

ಈಗ ಗಿಣಿಗೇರಾಕ್ಕೆ ಬರೋಣ. ಹೊಸಪೇಟೆಯಿಂದ ಕೊಪ್ಪಳದ ಕಡೆಗೆ ರೈಲಿನಲ್ಲಿ ಹೋಗುವವರು ಮುನಿರಾಬಾದನ್ನು ದಾಟಿದ ಮೇಲೆ ಈ ಊರನ್ನು ಕಾಣುತ್ತಾರೆ. ಸಂಡೂರು ಬಳ್ಳಾರಿ ಸೀಮೆಯ ಅದಿರು, ತುಂಗಭದ್ರೆಯ ನೀರು, ರೈಲು ಮಾರ್ಗ ಇವು ಮೂರೂ ಕೈಗೆಟಕುವ ನೆಲವಾದುದರಿಂದ 1990ರ ದಶಕದಲ್ಲಿ ಇಲ್ಲಿ ಕಬ್ಬಿಣದ ಉದ್ಯಮ ನೆಲೆಗೊಂಡಿತು. ಸಮೀಪದ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಬೀಡುಕಬ್ಬಿಣವೂ ಎಂಜಿನುಗಳ ಸಿಲಿಂಡರ್ ಬ್ಲಾಕು ಮೊದಲಾದ ಎರಕದ ಭಾಗಗಳೂ ತಯಾರಾಗುತ್ತವೆ. ಗಿಣಿಗೇರಾದಲ್ಲಿ ಕಲ್ಯಾಣಿ ಮತ್ತು ಮುಕುಂದ್ ಸಂಸ್ಥೆಗಳು ಕೂಡಿ ನಡೆಸುವ ಹೊಸಪೇಟೆ ಸ್ಟೀಲ್ಸ್ ಕಾರ್ಖಾನೆಯು ವಾಹನಗಳ ಬಿಡಿಭಾಗಗಳಿಗೆ ಬೇಕಾದ ಮಿಶ್ರಲೋಹದ ಉಕ್ಕನ್ನು ಒದಗಿಸುತ್ತದೆ. ವಿಶ್ವೇಶ್ವರಯ್ಯನವರ ಕಾಲದಲ್ಲಿ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಯು ಹೀಗೆ ವಾಹನೋದ್ಯಮದ ಅಡಿಪಾಯದಲ್ಲಿ ಪಾಲು ಪಡೆದಿದೆ. ಆದರೆ ಇಲ್ಲಿಯ ಲೋಹವು ಯಾವ ವಾಹನದ ಟ್ಯಾಂಕಿನ ಮೇಲೂ ತನ್ನ ಊರಿನ ಹೆಸರನ್ನು ಬರೆಸಿಕೊಳ್ಳುವುದಿಲ್ಲ.

ಮೈಸೂರಿನಲ್ಲಿ ಕೆಲಸ ಹೋಗಿ ಹೆಸರು ಉಳಿಯಿತು. ಗಿಣಿಗೇರಾದಲ್ಲಿ ಕೆಲಸವುಂಟು, ಹೆಸರಿಲ್ಲ. ಎರಡು ಕಡೆಯಲ್ಲಿಯೂ ಮರೆವಿಗೆ ಸಂದವರು ದುಡಿದ ಜನರೇ. ವಾಹನವನ್ನು ಅಭಿಮಾನಿಗಳು ಕಾಪಾಡುತ್ತಾರೆ. ಹೆಸರನ್ನು ನ್ಯಾಯಾಲಯ ಕಾಪಾಡುತ್ತದೆ. ಎರಕದವನ, ಅಚ್ಚು ಮಾಡುವವನ, ಜೋಡಣೆಗಾರನ, ಊರ ಮೇಸ್ತ್ರಿಯ ಅನುಭವವನ್ನು ಕಾಪಾಡುವ ಹೊಣೆ ಇತಿಹಾಸದ ವಿಭಾಗಗಳ ಮೇಲೆ ಬೀಳುತ್ತದೆ. ಯಾದವಗಿರಿಯ ಕಾರ್ಖಾನೆಯು ಆರಂಭವಾದಾಗ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಎಂಬತ್ತನ್ನು ದಾಟಿದ್ದಾರೆ. ಅವರ ಸಂಬಳದ ಚೀಟಿ, ಗುರುತಿನ ಬಿಲ್ಲೆ, ಸಂಘದ ಕರಪತ್ರ, ಬಾಯಿಮಾತು ಇವೆಲ್ಲವೂ ಶಾಸನದಷ್ಟೇ ಗೌರವಕ್ಕೆ ಅರ್ಹವಾದ ಸಾಧನಗಳು. ಶಿಲೆಯ ಮೇಲಿನ ಶಾಸನವು ಇನ್ನೊಂದು ಶತಮಾನ ಕಾದೀತು, ಇವು ಕಾಯಲಾರವು. ಮೈಸೂರಿನ ಕಾಲೇಜಿನ ವಿದ್ಯಾರ್ಥಿಯು ಯಾದವಗಿರಿಯ ಮನೆಮನೆಗೆ ಹೋಗಿ, ಕೊಪ್ಪಳದ ಕಾಲೇಜಿನ ವಿದ್ಯಾರ್ಥಿಯು ಗಿಣಿಗೇರಾದ ಪಾಳಿ ಮುಗಿಸಿ ಬರುವವರೊಡನೆ ಕುಳಿತು, ಕೇಳಿದ್ದನ್ನು ಬರೆದಿಡುವ ಕಾರ್ಯವು ತಡವಿಲ್ಲದೆ ಆರಂಭವಾಗಬೇಕು.